ಬಾದಾಮಿಯ ಬಂಡೆಗೆ ಬೆಳಕಿನ ಅಳತೆಗೋಲು

ಬಾದಾಮಿ ಕೋಟೆಯ ಬಂಡೆಯ ಮೇಲೆ ಚಾಲುಕ್ಯ ದೊರೆ ಒಂದನೆಯ ಪುಲಕೇಶಿ ಕೆತ್ತಿಸಿದ ಶಾಸನದಲ್ಲಿ ಶಕ ವರ್ಷ 465, ಅಂದರೆ ಕ್ರಿ.ಶ. 543 ಎಂದು ನಮೂದಾಗಿದೆ. ಅದು ಎತ್ತರದ ಬಂಡೆಯಲ್ಲಿದೆ. ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುತಿ ಗುಡಿಯ ಗೋಡೆಯಲ್ಲಿರುವ ಕವಿ ರವಿಕೀರ್ತಿಯ 634ರ ಶಾಸನದ ಪಕ್ಕ ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಬಹುದು. ಆದರೆ ಬಾದಾಮಿಯ ಈ ಬಂಡೆಯಲ್ಲಿ ಪಟ್ಟಿ ಹಿಡಿಯುವವರಿಗೆ ನಿಲ್ಲಲು ನೆಲೆಯೇ ಇಲ್ಲ. ಅಳತೆಯಿಲ್ಲದ ಫೋಟೊದಲ್ಲಿ ಅಕ್ಷರದ ಆಕಾರ ಸಿಗುತ್ತದೆ, ಗಾತ್ರ ಸಿಗುವುದಿಲ್ಲ. ಮರಳುಗಲ್ಲು ಮಳೆಗಾಳಿಗೆ ಸವೆಯುತ್ತದೆ. ಎಷ್ಟು ಸವೆಯಿತೆಂದು ನಾಳೆ ಯಾರಾದರೂ ಕೇಳಿದರೆ ಅಂಥ ಚಿತ್ರ ಸಾಕ್ಷಿ ನುಡಿಯಲಾರದು. ಆದ್ದರಿಂದ ಇಂಥ ತಾಣಗಳಲ್ಲಿ ಕ್ಯಾಮೆರಾದ ಜೊತೆ ಎರಡು ಲೇಸರ್‌ಗಳೂ ಇರಲೇಬೇಕು.

ಉಪಾಯ ಸರಳ. ಕ್ಯಾಮೆರಾದ ಅಕ್ಕಪಕ್ಕ 10 ಸೆಂ.ಮೀ. ಅಂತರದಲ್ಲಿ ಎರಡು ಲೇಸರ್‌ಗಳನ್ನು ಕರಾರುವಾಕ್ಕಾಗಿ ಸಮಾನಾಂತರವಾಗಿ ಬಿಗಿಯಬೇಕು. ಕಿರಣಗಳು ಎಷ್ಟು ದೂರ ಹೋದರೂ ಅವುಗಳ ನಡುವಿನ ಅಂತರ ಬದಲಾಗದು. ಚಿತ್ರದಲ್ಲಿ ಎರಡು ಚುಕ್ಕೆಗಳ ನಡುವೆ 200 ಪಿಕ್ಸೆಲ್ ಇದ್ದು, ಅಕ್ಷರ 100 ಪಿಕ್ಸೆಲ್ ಎತ್ತರವಿದ್ದರೆ ಅದು 5 ಸೆಂ.ಮೀ. ದೂರ ಎಷ್ಟೆಂದು ಗೊತ್ತಿರಬೇಕಾಗಿಯೇ ಇಲ್ಲ! ದೂರವೂ ಬೇಕೆಂದರೆ ಅದೇ ಚುಕ್ಕೆಗಳ ಅಂತರ ಸಾಕು: ಬಂಡೆ ದೂರ ಸರಿದಷ್ಟೂ ಅವು ಚಿತ್ರದಲ್ಲಿ ಒಂದಕ್ಕೊಂದು ಹತ್ತಿರವಾಗುತ್ತವೆ. ಮಸೂರದ ನಾಭಿದೂರ 3,000 ಪಿಕ್ಸೆಲ್‌ಗೆ ಸಮನಾಗಿದ್ದರೆ, 5 ಮೀಟರ್ ದೂರದಲ್ಲಿ ಅಂತರ 60 ಪಿಕ್ಸೆಲ್. 50 ಮೀಟರ್‌ನಲ್ಲಿ ಬರೀ 6. ಅಲ್ಲಿ ಒಂದು ಪಿಕ್ಸೆಲ್ ತಪ್ಪಿದರೂ ಲೆಕ್ಕ ಏಳರಿಂದ ಹತ್ತು ಮೀಟರ್ ಆಚೀಚೆ ಹೋಗುತ್ತದೆ. ಗಾತ್ರದ ಲೆಕ್ಕವೂ ಅದೇ ಪ್ರಮಾಣದಲ್ಲಿ ಕೆಡುವುದರಿಂದ, ದೂರದ ಬಂಡೆಗೆ ಹೆಚ್ಚು ನಾಭಿದೂರದ ಮಸೂರವೇ ಬೇಕು.

ಪಡಿಯಚ್ಚು ಇರುವಾಗ ಇದೇಕೆ ಎನ್ನುವವರಿದ್ದಾರೆ. ಪಡಿಯಚ್ಚು ಅಕ್ಷರದ ನಿಜಗಾತ್ರವನ್ನೇ ಕೊಡುತ್ತದೆ, ನಿಜ. ಆದರೆ ಅದಕ್ಕೆ ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ ಬ್ರಶ್ಶಿನಿಂದ ಬಡಿಯಬೇಕು. ಸಡಿಲಗೊಂಡ ಕಲ್ಲನ್ನು ಮತ್ತೆ ಮತ್ತೆ ಬಡಿಯುವುದು ತರವಲ್ಲ. ಮೂರು ಆಯಾಮದ ಲೇಸರ್ ಸ್ಕ್ಯಾನರ್ ಇನ್ನೂ ಉತ್ತಮ ಎಂಬ ಮಾತನ್ನು ಒಪ್ಪುತ್ತೇನೆ. ಅಕ್ಷರದ ಆಳವನ್ನೂ ಅದು ಹಿಡಿಯಬಲ್ಲದು, ಎರಡು ಚುಕ್ಕೆಗಳಿಂದ ಆ ಕೆಲಸ ಆಗದು. ಆದರೆ ದುಬಾರಿ ಯಂತ್ರ ಬರುವವರೆಗೆ ಪ್ರತಿ ಫೋಟೊವೂ ಅಳತೆಯಿಲ್ಲದೆ ಉಳಿಯಬೇಕೇ? ಹೆಚ್ಚು ಗಟ್ಟಿಯಾದ ಆಕ್ಷೇಪ ಓರೆಯದು. ಬಂಡೆ ಕ್ಯಾಮೆರಾಕ್ಕೆ ನೇರ ಎದುರಾಗಿರದಿದ್ದರೆ ಚುಕ್ಕೆಗಳು ಕಲ್ಲಿನ ಮೇಲೆ 10 ಸೆಂ.ಮೀ.ಗಿಂತ ದೂರ ಬೀಳುತ್ತವೆ. 30 ಡಿಗ್ರಿ ಓರೆಯಾದರೆ ಅದು ಸುಮಾರು 11.5 ಸೆಂ.ಮೀ. ಮೂರನೆಯ ಲೇಸರ್ ಸೇರಿಸಿ ತ್ರಿಕೋನ ಮಾಡಿದರೆ ಓರೆ ಎಷ್ಟೆಂದು ಲೆಕ್ಕ ಹಾಕಬಹುದು. ಕಲ್ಲಿನ ಗುಣವೂ ಮುಖ್ಯ. ಇಳಕಲ್ಲಿನ ಪಾಲಿಶ್ ಮಾಡಿದ ಗ್ರಾನೈಟ್ ಕಿರಣವನ್ನು ಬೇರೆಡೆ ಚಿಮ್ಮಿಸಿ ಚುಕ್ಕೆಯನ್ನು ಮಂಕಾಗಿಸುತ್ತದೆ. ಬಾದಾಮಿಯ ಒರಟು ಮರಳುಗಲ್ಲು ಬೆಳಕನ್ನು ಎಲ್ಲೆಡೆ ಚದುರಿಸುವುದರಿಂದ ಚುಕ್ಕೆ ಚೆನ್ನಾಗಿ ಕಾಣುತ್ತದೆ. ಕೆಂಪು ಕಲ್ಲಿಗೆ ಹಸಿರು ಲೇಸರ್ ಮೇಲು, ಹೊತ್ತು ಏರುವ ಮೊದಲು ಇನ್ನೂ ಮೇಲು. ಕಡಿಮೆ ಶಕ್ತಿಯ ಲೇಸರ್ ಕಲ್ಲನ್ನು ಸುಡುವುದಿಲ್ಲ, ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳಬೇಕು ಅಷ್ಟೇ. ಪುರಾತತ್ವ ಇಲಾಖೆ ಅನುಮತಿ ಕೊಟ್ಟರೆ, ಬಾಗಲಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟಬಲ್ಲ ಸಲಕರಣೆಯಿದು. ಮೊದಲಿಗೆ ಅಗಸ್ತ್ಯ ತೀರ್ಥದ ಬಳಿಯ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನವನ್ನು ಎತ್ತಿಕೊಳ್ಳಬಹುದು. ಕನ್ನಡ ತ್ರಿಪದಿಯ ಅತಿ ಹಳೆಯ ಸಾಲುಗಳು ಇರುವುದು ಅಲ್ಲಿಯೇ.