ಕೆಂಪು ಬಣ್ಣದ ಕೆಳಗೆ ಸಿ.ಐ.ಡಿ. 999!

ಈ ವಾರದ ನಮ್ಮ ಹೀರೋ ಆರಡಿ ಆಜಾನುಬಾಹುವಲ್ಲ. ಉದ್ದ ಒಂಬತ್ತೂವರೆ ಸೆಂಟಿಮೀಟರ್, ಅಷ್ಟೇ! ಮೋಟಾರಿಲ್ಲ, ಚಾಸಿ ಇಲ್ಲ, ಬರೀ ಬಾಡಿ. ಮೈತುಂಬ ಮಂದವಾಗಿ ಮೆತ್ತಿದ ಕೆಂಪು ಬಣ್ಣ. ಅದೂ ಅಲ್ಲಲ್ಲಿ ಸುಕ್ಕುಗಟ್ಟಿ, ಸೋರಿ, ಗಟ್ಟಿಯಾಗಿ... ಬಸ್ಸಿಗೆ ಕಾಯುತ್ತಾ ಈ ಪುಟ ತಿರುವುತ್ತಿರುವ ಮಿತ್ರರೇ, "ತಾರೆಯರ ಸುದ್ದಿ ಬಿಟ್ಟು ಇವನೇನಪ್ಪ ಆಟದ ಸಾಮಾನು ತಂದ" ಎಂದು ಗೊಣಗಬೇಡಿ. ಇದರ ನೆತ್ತಿಯ ಮೇಲೆ ನಮ್ಮ ಅಣ್ಣಾವ್ರ ನಂಬರಿದೆ!

ಚಾಮರಾಜನಗರದಲ್ಲಿ ಒಂದು ಸೈಕಲ್ ಶಾಪು. ಯಜಮಾನರಿಗೆ ಐವತ್ತು ದಾಟಿದೆ. ಅವರ ತಂದೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು. ಇವತ್ತಿನ ಹುಡುಗರಿಗೆ ಫ್ಲೆಕ್ಸ್ ಗೊತ್ತು, ಬ್ಯಾನರ್ ಬರೆಯೋದು ಗೊತ್ತಿಲ್ಲ. ಬಟ್ಟೆಗೆ ಬಿಳಿ ಬಳಿದು, ಚೌಕ ಚೌಕವಾಗಿ ಗೆರೆ ಎಳೆದು, ಅಂಗೈಯಗಲದ ಫೋಟೋ ನೋಡಿಕೊಂಡು ಆಳೆತ್ತರದ ಮುಖ ಬರೆಯುವ ಕಸುಬು. ಚಿತ್ರ ಎತ್ತಿದ ಮೇಲೆ ಅದೇ ಬಟ್ಟೆಗೆ ಮತ್ತೆ ಬಿಳಿ, ಮತ್ತೆ ಹೊಸ ಮುಖ. ಹೀಗಾಗಿ ಆ ಕೈ ಬರೆದದ್ದು ಮನೆಯಲ್ಲಿ ಒಂದೂ ಉಳಿದಿಲ್ಲ. ಒಂದು ಫೋಟೋ ಕೂಡ ಇಲ್ಲ.

ಉಳಿದದ್ದು ಈ ಕಾರೊಂದೇ. ಎಂಬತ್ತರ ದಶಕದ ಶುರುವಿನಲ್ಲಿ ಊಟಿಯ ಗುಜರಿಯಲ್ಲಿ ಸಿಕ್ಕಿತಂತೆ. ಅಪ್ಪ ಅದಕ್ಕೆ ಕಪ್ಪು ಎನಾಮಲ್ ಹೊಡೆದು, ಟಾಪಿನ ಮೇಲೆ ಬಿಳಿಯಲ್ಲಿ 999 ಎಂದು ಬರೆದು ಮಗನ ಕೈಗಿಟ್ಟರು. ಆ ನಂಬರು ಯಾರದ್ದು ಅಂತ ನಿಮಗೆ ಹೇಳಬೇಕೇ? 1968ರ 'ಜೇಡರ ಬಲೆ'ಯಿಂದ 1978ರ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ ನಾಲ್ಕು ಚಿತ್ರ, ನಾಲ್ಕಕ್ಕೂ ದೊರೆ-ಭಗವಾನ್ ನಿರ್ದೇಶನ, ನಾಲ್ಕರಲ್ಲೂ ರಾಜ್‌ಕುಮಾರ್ ಸಿ.ಐ.ಡಿ. 999. ಅವರ ಗಾಜನೂರು ಇಲ್ಲೇ ಗಡಿಯಾಚೆ, ತಾಳವಾಡಿ ಪಕ್ಕ. ನಮ್ಮ ಕಡೆಯವರಿಗೆ ಅವರು ಮನೆಯವರಿದ್ದಂಗೆ. ಚಿತ್ರದಲ್ಲಿ ಯಾವ ಕಾರಿತ್ತು ಅನ್ನೋದು ಆ ಅಪ್ಪನಿಗೂ ಮುಖ್ಯವಾಗಿರಲಿಲ್ಲ, ಮಗನಿಗೂ ಅಲ್ಲ.

ಆದರೆ ಮಗನಿಗೆ ಕೆಂಪು ಕಾರು ಬೇಕಿತ್ತು! ಅಪ್ಪ ಇಲ್ಲದ ಹೊತ್ತು ನೋಡಿ, ಅವರದೇ ಡಬ್ಬಿಯಿಂದ ಕೆಂಪು ಎನಾಮಲ್ ತೆಗೆದು ಇಡೀ ಕಾರಿಗೆ ಬಳಿದ.

"ಅಪ್ಪ ಬೈಲಿಲ್ಲ ಕಣಪ್ಪ. ನಕ್ಕುಬುಟ್ರು. ಈಗ ಅವರಿಲ್ಲ, ಆ ನಗೂನೇ ಕಾಡ್ತದ," ಅಂದರು ಯಜಮಾನರು. ಕೆಂಪು ತೆಗೆದು 999 ಹೊರಗೆ ತರಬೇಕು. ಅಷ್ಟೇ ಅವರ ಆಸೆ.

ಇಂಥ ಕಾರಿಗೆ ಸ್ಲಾಟ್ ಕಾರ್ ಅಂತ ಹೆಸರು. ಓಡುವ ಹಾದಿಯಲ್ಲಿ ಒಂದು ಸೀಳು, ಸೀಳಿನ ಎರಡು ಬದಿಗೆ ಲೋಹದ ಪಟ್ಟಿ, ಪಟ್ಟಿಯಲ್ಲಿ 12 ವೋಲ್ಟ್ ಕರೆಂಟು. ಕಾರಿನ ಕೆಳಗಿನ ನಾಲಗೆ ಸೀಳಿನೊಳಗೆ ಇಳಿದಿರುತ್ತದೆ, ಕೈಯಲ್ಲಿನ ಗುಂಡಿ ಒತ್ತಿದಷ್ಟೂ ಓಟ. ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಎಂಬಾತ 1957ರಲ್ಲಿ 'ಸ್ಕೇಲೆಕ್ಸ್‌ಟ್ರಿಕ್' ಹೆಸರಿನಲ್ಲಿ ಇದನ್ನು ತಂದ. ಮೊದಲು ತಗಡಿನ ಕಾರು, 1960ರಿಂದ ಪ್ಲಾಸ್ಟಿಕ್. ನಮ್ಮದು ಮಿನಿ ಕೂಪರ್, ಅಸಲಿಯ ಮೂವತ್ತೆರಡನೇ ಒಂದು ಪಾಲು. ಕಂಪನಿ ಬಣ್ಣ ಹೊಡೆದ ಹಳೇ ಕಾರು ನಿಮ್ಮ ಕೈಗೆ ಸಿಕ್ಕರೆ ಮಾತ್ರ ದಯವಿಟ್ಟು ಕೆರೆಯಬೇಡಿ. ಸಂಗ್ರಹಕಾರರು ಬೆಲೆ ಕೊಡುವುದೇ ಆ ಮೂಲ ಬಣ್ಣಕ್ಕೆ.

ಇನ್ನು ನನ್ನ ಘನಕಾರ್ಯ ಕೇಳಿ. "ಬಣ್ಣ ತೆಗೆಯೋದೇನು ಮಹಾ, ಥಿನ್ನರ್ ಹಾಕಿದ್ರಾಯ್ತು" ಅಂದವನು ನಾನೇ. ಬಟ್ಟೆ ಅದ್ದಿ ಬಾನೆಟ್ಟಿನ ಮೂಲೆ ಉಜ್ಜಿದೆ. ಕೆಂಪು ಬಂತು, ಕಪ್ಪು ಬಂತು... ಜೊತೆಗೆ ಬಾನೆಟ್ಟೂ ಬಂತು! ಪ್ಲಾಸ್ಟಿಕ್ ಅಂಟಂಟಾಗಿ ನನ್ನ ಹೆಬ್ಬೆರಳಿನ ಗುರುತು ಅದರಲ್ಲಿ ಇಳಿಯಿತು. ಎನ್.ಸಿ. ಥಿನ್ನರಿನಲ್ಲಿ ಅಸಿಟೋನ್, ಟಾಲ್ವಿನ್ ಥರದ ದ್ರಾವಕಗಳಿರುತ್ತವೆ, ಇಂಥ ಪ್ಲಾಸ್ಟಿಕ್ ಅದರಲ್ಲಿ ಕರಗುತ್ತದೆ ಅಂತ ಆಮೇಲೆ ತಿಳಿಯಿತು. ಯಜಮಾನರು ಒಂದು ಮಾತೂ ಆಡಲಿಲ್ಲ. ಅವರಪ್ಪ ನಕ್ಕಿದ್ದರು, ಇವರು ನಗಲೂ ಇಲ್ಲ.

ಮಾರನೇ ದಿನವೇ ಇಬ್ಬರೂ ತೆರಕಣಾಂಬಿ ಮೇಲೆ ಗುಂಡ್ಲುಪೇಟೆ ಬಸ್ಸು ಹತ್ತಿದೆವು. ಊಟಿ ರಸ್ತೆಯೂ ಸುಲ್ತಾನ್ ಬತ್ತೇರಿ ರಸ್ತೆಯೂ ಕವಲೊಡೆಯುವ ಊರು ಅದು. ಕಾರು, ಜೀಪು, ಲಾರಿಗಳಿಗೆ ಕಮ್ಮಿಯಿಲ್ಲ, ಗ್ಯಾರೇಜಿಗೂ ಕಮ್ಮಿಯಿಲ್ಲ. ಅಲ್ಲೊಬ್ಬ ಹಳೇ ಕಾರ್ ಪೇಂಟರಣ್ಣ ನನಗೆ ಪರಿಚಯ. ಡಬ್ಬಿ ಬಿಚ್ಚಿ ತೋರಿಸಿದೆ. ಬಾನೆಟ್ ನೋಡಿದವರೇ, "ಇದ್ಯಾವ ಪುಣ್ಯಾತ್ಮನ ಕೆಲ್ಸ?" ಅಂದರು. ನಾನು ಆಕಾಶ ನೋಡಿದೆ.

"ಬ್ರೇಕ್ ಆಯಿಲ್ ಚೆಲ್ಲುದ್ರೆ ಕಾರಿನ ಪೇಂಟ್ ಎದ್ದೋಯ್ತದ, ನೋಡಿಲ್ವಾ ಪೇಪರ್‌ನೋರೇ? ಅದೇ ಮದ್ದು ಇದಕ್ಕೂ." ಚಕ್ರದ ಗೂಡಿನ ಒಳಮಗ್ಗುಲಿಗೆ ಒಂದು ತೊಟ್ಟು ಸವರಿ ಮೊದಲು ಪರೀಕ್ಷೆ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಬಣ್ಣ ಮೆದುವಾಗಿತ್ತು, ಪ್ಲಾಸ್ಟಿಕ್ ಹಾಗೇ ಇತ್ತು. ಕೈಗೆ ಗ್ಲೌಸು ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಸೋಪಿನ ನೀರಲ್ಲಿ ತೊಳೆದರು. ಮನೆಯಲ್ಲೇ ಮಾಡುವವರಿಗೆ ಡೆಟಾಲ್ ಕೂಡ ಆಗುತ್ತದೆ. ಆದರೆ ನೀರು ಬೆರೆಸದೆ ಹಾಕಬೇಕು, ತಿಕ್ಕುವಾಗಲೂ ಡೆಟಾಲಿನಲ್ಲೇ ತಿಕ್ಕಬೇಕು. ನಡುವೆ ನೀರು ಸೋಕಿದರೆ ಬಣ್ಣ ಅಂಟಾಗಿ ಮೆತ್ತಿಕೊಂಡು ಪ್ರಾಣ ತಿನ್ನುತ್ತದೆ.

ಬಾಗಿಲು, ಬಾನೆಟ್ಟು, ಡಿಕ್ಕಿ ಎಲ್ಲ ಬೋಳಾಯಿತು. ಉಳಿದದ್ದು ಟಾಪ್. ಅಲ್ಲೇ ಇರುವುದು ಕಥೆಯ ಕ್ಲೈಮ್ಯಾಕ್ಸು! ಬ್ರೇಕ್ ಆಯಿಲಿಗೆ ಅಪ್ಪನ ಬಣ್ಣ ಯಾವುದು, ಮಗನ ಬಣ್ಣ ಯಾವುದು ಗೊತ್ತಾಗುತ್ತದೆಯೇ? ಕೆಂಪಿನ ಜೊತೆ 999 ಕೂಡ ಎದ್ದು ಹೋಗುತ್ತದೆ. ಅದಕ್ಕೇ ಪೇಂಟರಣ್ಣ ಟಾಪಿನ ಸುತ್ತ ಮೊದಲೇ ಮಾಸ್ಕಿಂಗ್ ಟೇಪ್ ಸುತ್ತಿ, ಒಂದು ಹನಿ ತಾಗದಂತೆ ಕಾದಿದ್ದರು. ಇಲ್ಲಿ ಉಜ್ಜಿಯೇ ತೆಗೆಯಬೇಕು. 1500 ನಂಬರಿನ ವಾಟರ್ ಪೇಪರ್, ಆಮೇಲೆ 2000. ಸೋಪಿನ ನೀರು. ನಾಲ್ಕು ಸಲ ಉಜ್ಜಿ, ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ನಾಲ್ಕು ಸಲ.

ಇದರಲ್ಲೂ ಒಂದು ಗಂಡಾಂತರ. ಅಕ್ಷರ ಕಪ್ಪಿನ ಮೇಲೆ ಬರೆದದ್ದು, ಹಾಗಾಗಿ ಅದು ಕೂದಲೆಳೆಯಷ್ಟು ಉಬ್ಬಿರುತ್ತದೆ. ಒಂದೇ ಸಮ ಉಜ್ಜಿದರೆ ಉಬ್ಬಿದ್ದೇ ಮೊದಲು ಸವೆಯುವುದು. ಸುತ್ತಲ ಕೆಂಪು ಹೋಗುವುದರೊಳಗೆ ನಂಬರೇ ಮಾಯ! ಪೇಂಟರಣ್ಣ ಬೆಂಕಿಕಡ್ಡಿಗೆ ಪೇಪರಿನ ಚೂರು ಸುತ್ತಿಕೊಂಡು ಅಂಕಿಗಳ ನಡುವಿನ ಸಂದಿಯನ್ನೇ ಉಜ್ಜತೊಡಗಿದರು. ಗ್ಯಾರೇಜಿನ ಹುಡುಗರು ಕೆಲಸ ಬಿಟ್ಟು ಸುತ್ತ ನಿಂತರು. ಮೊದಲು ಗುಲಾಬಿ ಛಾಯೆ... ಆಮೇಲೆ ಬಿಳಿ... ಒಂದು ಒಂಬತ್ತು ಬಂತು! ಬ್ಯಾನರಿನವರ ಬರಹ ನೋಡಿ ಗೊತ್ತಿರುವವರಿಗೆ ಹೇಳುತ್ತೇನೆ: ತಲೆ ದಪ್ಪ, ಬಾಲ ಚೂಪು, ಒಂದೇ ಎಳೆತ. ಒಂದೂವರೆ ಗಂಟೆಗೆ ಎರಡನೆಯದೂ ಬಂತು.

ಮೂರನೆಯದಕ್ಕೆ ಪೇಂಟರಣ್ಣ ಕಡ್ಡಿಯನ್ನು ಯಜಮಾನರ ಕೈಗೆ ಕೊಟ್ಟರು. "ನೀವೇ ಬಳಿದದ್ದಲ್ವಾ, ನೀವೇ ತಗೀರಿ."

ಸೈಕಲ್ ಕಡ್ಡಿ ಬಿಗಿಯುವ ಕೈ ಅದು, ಆದರೂ ನಡುಗುತ್ತಿತ್ತು. ತಲೆ ಬಂತು. ಬಾಲದ ಹತ್ತಿರ ಎರಡು ಉಜ್ಜು ಹೆಚ್ಚಾಯಿತು. ಬಿಳಿ ಹೋಗಿ ಕಪ್ಪು ಇಣುಕಿತು. ಮೂರನೇ ಒಂಬತ್ತು ಸೊನ್ನೆಯ ಹಾಗೆ ನಿಂತಿತು.

"ಬಾಲ ಎಳುದುಕೊಡ್ಲಾ? ಗೊತ್ತೇ ಆಗಲ್ಲ," ಅಂದರು ಪೇಂಟರಣ್ಣ. ಯಜಮಾನರು ಬಹಳ ಹೊತ್ತು ನೋಡಿದರು. "ಬ್ಯಾಡಿ. ಇರೋದು ಅಪ್ಪಂದೇ ಇರ್ಲಿ."

ಮಿಕ್ಕ ಕೆಲಸ ಬೇಗ ಮುಗಿಯಿತು. ನನ್ನ ಹೆಬ್ಬೆರಳಿನ ಗುಳಿಗೆ ಪುಟ್ಟಿ, ಮೇಲೆ ತೆಳ್ಳಗೆ ಎರಡು ಸಲ ಬೂದು ಪ್ರೈಮರ್. ಹೊಸ ಕಪ್ಪು ಹಳೇ ಕಪ್ಪಿಗೆ ಹೊಂದಲಿಲ್ಲ. ನಲವತ್ತು ವರ್ಷದ ಕಪ್ಪು ಸ್ವಲ್ಪ ಕಂದು ತಿರುಗಿರುತ್ತದೆ. ಒಂದು ತೊಟ್ಟು ಕಂದು ಬೆರೆಸಿದ ಮೇಲೆ ಜೋಡಿ ಕೂತಿತು. ಮಿನಿ ಕಾರಿನ ಟಾಪಿನ ಸುತ್ತ ನೀರು ಹರಿಯುವ ಸಣ್ಣ ಅಂಚಿದೆಯಲ್ಲ, ಹೊಸದು ಹಳೆಯದರ ಗಡಿ ಅಲ್ಲಿ ಅಡಗಿಹೋಯಿತು. ಕ್ಲಿಯರ್ ಹೊಡೆಯಲು ಮಾತ್ರ ಎರಡು ದಿನ ಬಿಸಿಲಿಗೆ ಕಾದೆವು. ತೇವದ ಗಾಳಿಯಲ್ಲಿ ಹೊಡೆದರೆ ಬಿಳಿ ಮಂಜು ಕಟ್ಟುತ್ತದೆ.

ವಾಪಸ್ ಬರುವಾಗ ಯಜಮಾನರು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತರು. ತೆರಕಣಾಂಬಿ ಹತ್ತಿರ ಒಣಗಿದೆಯೋ ಅಂತ ಮುಚ್ಚಳ ತೆಗೆದರು. ಟಿಕೆಟ್ ಕೇಳಲು ಬಂದ ಕಂಡಕ್ಟರ್ ಬಗ್ಗಿ ನೋಡಿದ.

"ಏನ್ ಯಜಮಾನ್ರೇ, ಅಣ್ಣಾವ್ರ ನಂಬರ್ರಾ? ಕೊನೇ ಒಂಬತ್ತಕ್ಕೆ ಬಾಲವೇ ಇಲ್ವಲ್ಲಾ!"

"ನಾನೇ ಉಜ್ಜಿಬುಟ್ಟೆ ಕಣಪ್ಪ," ಅಂದು ಯಜಮಾನರು ನಕ್ಕರು. ಆಮೇಲೆ ಎರಡು ಚಾಮರಾಜನಗರ ತೆಗೆದುಕೊಂಡರು.