ಶಾಸನಗಳ ಕಾಲನಿರ್ಣಯ ಮತ್ತು ಪ್ರೋಗ್ರಾಮಿನ ಸಂಕ್ಷಿಪ್ತ ಷರತ್ತು

ಶಾಸನಗಳ ಪಟ್ಟಿಯನ್ನು ಗಣಕಯಂತ್ರದಲ್ಲಿ ಅಳವಡಿಸುವ ಕಾರ್ಯವು ಈಗ ಇತಿಹಾಸದ ವಿದ್ಯಾರ್ಥಿಗಳ ಪಾಲಿಗೂ ಬಂದಿದೆ. ಆದುದರಿಂದ ಪ್ರೋಗ್ರಾಮುಗಳಲ್ಲಿ ಮೇಲಿಂದ ಮೇಲೆ ಬರುವ ಒಂದು ಸಂಕ್ಷೇಪೋಕ್ತಿಯ ಸ್ವರೂಪವನ್ನೂ ಅದರಿಂದ ಒದಗಬಹುದಾದ ಪ್ರಮಾದವನ್ನೂ ಇಲ್ಲಿ ವಿಚಾರಿಸುವೆವು.

ಶಾಸನದಲ್ಲಿ ಶಕವರ್ಷವು ಉಕ್ತವಾಗಿದ್ದರೆ ಸಾಮಾನ್ಯವಾಗಿ ಅದಕ್ಕೆ 78ನ್ನು ಕೂಡಿಸಿ ಕ್ರಿಸ್ತಶಕವನ್ನು ಪಡೆಯುತ್ತೇವೆ. ಇಲ್ಲದಿದ್ದರೆ ಅರಸನ ಹೆಸರು, ಲಿಪಿ ಮುಂತಾದುವುಗಳಿಂದ ಕಾಲವನ್ನು ಊಹಿಸುತ್ತೇವೆ. ಹಲವು ಸಾಲುಗಳಲ್ಲಿ ಬರೆಯಬಹುದಾದ ಈ ನಿಯಮವನ್ನು ಒಂದೇ ಸಾಲಿನಲ್ಲಿ ಹೀಗೆ ಅಡಕಗೊಳಿಸಬಹುದು:

ವರ್ಷ = ಶಕವರ್ಷವುಂಟು ? ಶಕವರ್ಷ + 78 : ಊಹೆಯ ವರ್ಷ

ಪ್ರಶ್ನಚಿಹ್ನೆಯ ಹಿಂದಿರುವುದು ಷರತ್ತು. ಅದು ನಿಜವಾದರೆ ಚಿಹ್ನೆಯ ಮುಂದಿನ ಬೆಲೆಯೂ, ಸುಳ್ಳಾದರೆ ಎರಡು ಚುಕ್ಕೆಗಳ ಮುಂದಿನ ಬೆಲೆಯೂ ದೊರೆಯುವುದು. ಆಯ್ಕೆಯಾಗದ ಭಾಗವನ್ನು ಯಂತ್ರವು ಲೆಕ್ಕ ಮಾಡುವುದೇ ಇಲ್ಲ. ಆದಕಾರಣ ಇಲ್ಲದ ಶಕವರ್ಷಕ್ಕೆ 78ನ್ನು ಕೂಡಿಸಹೋಗುವ ದೋಷವು ಉಂಟಾಗದು. ಬೆಲೆಯನ್ನು ಕೊಡುವ ಇಂತಹ ಷರತ್ತು ಆಲ್ಗಾಲ್ 60ರಲ್ಲಿಯೇ ಇದ್ದಿತು. 1970ರ ದಶಕದ ಸಿ ಭಾಷೆಯು ಮೇಲಿನ ಚಿಹ್ನೆಗಳನ್ನು ರೂಢಿಗೆ ತಂದಿತು. ಪೈಥಾನ್ ಭಾಷೆಯು 2006ರಲ್ಲಿ ಇದನ್ನೇ ಚಿಹ್ನೆಗಳಿಗೆ ಬದಲು ಪದಗಳಿಂದ ಅಳವಡಿಸಿಕೊಂಡಿತು.

ಎರಡು ನಿದರ್ಶನಗಳನ್ನು ನೋಡೋಣ. ಬಾದಾಮಿಯಲ್ಲಿರುವ ಒಂದನೆಯ ಪುಲಕೇಶಿಯ ಬಂಡೆಶಾಸನದಲ್ಲಿ ಶಕವರ್ಷ 465 ಎಂದಿದೆ, ಫಲ 543. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ದೊರೆತ ಕಿತ್ತಯ್ಯನ ವೀರಗಲ್ಲಿನಲ್ಲಿ ಗಂಗದೊರೆ ಶ್ರೀಪುರುಷನ ಹೆಸರುಂಟು, ಶಕವರ್ಷವಿಲ್ಲ. ವಿದ್ವಾಂಸರು ಅದನ್ನು ಸುಮಾರು 750ಕ್ಕೆ ಸೇರಿಸಿದ್ದಾರೆ, ಫಲ 750.

ಪ್ರಮಾದವಿರುವುದು ಇಲ್ಲಿಯೇ. 543 ಎಂಬುದು ಕಲ್ಲೇ ಹೇಳಿದ ವರ್ಷದಿಂದ ಬಂದುದು. 750 ಎಂಬುದು ನಮ್ಮ ಅನುಮಾನ. ಸೂತ್ರವು ಎರಡನ್ನೂ ಒಂದೇ ಅಂಕಣದಲ್ಲಿ ಸಮಾನವಾಗಿ ನಿಲ್ಲಿಸುತ್ತದೆ. ‘ಸುಮಾರು’ ಎಂಬ ಮಾತು ಅಳಿದುಹೋಗುತ್ತದೆ. ಮುಂದೆ ಈ ಪಟ್ಟಿಯನ್ನೇ ನಂಬಿ ಲಿಪಿಯ ಬೆಳವಣಿಗೆಯನ್ನು ಗುರುತಿಸಹೊರಟವನು, ಲಿಪಿಯಿಂದ ಊಹಿಸಿದ ಕಾಲವನ್ನೇ ಲಿಪಿಗೆ ಪ್ರಮಾಣವಾಗಿ ಹಿಡಿದಾನು.

ಇದಕ್ಕೆ ಪರಿಹಾರವು ಅದೇ ಸಂಕ್ಷೇಪದಲ್ಲಿ ಉಂಟು. ಪಕ್ಕದ ಅಂಕಣದಲ್ಲಿ ಹೀಗೆ ಬರೆಯತಕ್ಕದ್ದು:

ಆಧಾರ = ಶಕವರ್ಷವುಂಟು ? ‘ಉಕ್ತ’ : ‘ಊಹಿತ’

ಶಕವರ್ಷವಿದ್ದೂ ಅಂಕೆಗಳು ಸವೆದಿರುವ ಕಲ್ಲುಗಳದು ಮೂರನೆಯ ಬಗೆ. ಅದಕ್ಕಾಗಿ ಒಂದು ಸಂಕ್ಷೇಪದೊಳಗೆ ಇನ್ನೊಂದನ್ನು ತುರುಕಿದರೆ ಯಂತ್ರಕ್ಕೆ ಅರ್ಥವಾದೀತು, ಓದುವವನಿಗೆ ತೊಡಕಾಗುವುದು. ಅಂತಹ ಕಡೆ ಷರತ್ತುಗಳನ್ನು ಬೇರೆ ಬೇರೆ ಸಾಲುಗಳಲ್ಲಿ ಬಿಡಿಸಿ ಬರೆಯುವುದೇ ಲೇಸೆಂದು ನಮ್ಮ ಅಭಿಪ್ರಾಯ.