ಬೊಲಾರಂನ ಆರಾ ಕರೆತಂದ ಗೆಳೆಯ

ಗದ್ವಾಲದ ಸೀರೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಅದರ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಎರಡು ನೂಲುಗಳ ಗುಣ ಬೇರೆ, ಹೊಳಪು ಬೇರೆ, ಮೈಗೆ ತಾಗುವ ಬಗೆಯೂ ಬೇರೆ. ನೇಕಾರನು ಹತ್ತಿಯನ್ನು ರೇಷ್ಮೆಯಾಗಿಸಲು ಹೊರಡುವುದಿಲ್ಲ. ಅವೆರಡೂ ಸಂಧಿಸುವಲ್ಲಿ ಎಳೆಗೆ ಎಳೆಯನ್ನು ಕೊಂಡಿ ಹಾಕುತ್ತಾನೆ. ಸೀರೆಯ ಬಾಳಿಕೆಯೆಲ್ಲ ನಿಂತಿರುವುದು ಕಣ್ಣಿಗೆ ಅಷ್ಟಾಗಿ ಬೀಳದ ಆ ಕೂಡುಗೆರೆಯ ಮೇಲೆ.

ಬೇರೆ ಬೇರೆ ಮಾಧ್ಯಮಗಳಲ್ಲಿ ದುಡಿಯುವ ಕಲಾವಿದ ಗೆಳೆಯರು ಒಂದೇ ಸೂರಿನಡಿ ಪ್ರದರ್ಶನ ಏರ್ಪಡಿಸುವುದೂ ಇಂತಹದೇ ನೇಯ್ಗೆ. ಸ್ವತಂತ್ರ ಭಾರತದಲ್ಲಿ ನಡೆದ ಅಂತಹ ಪ್ರದರ್ಶನಗಳಲ್ಲಿ ಬಹು ಪ್ರಸಿದ್ಧವಾದುದು 1949ರ ಜುಲೈ ತಿಂಗಳಿನಲ್ಲಿ ಮುಂಬಯಿಯ ರಾಂಪಾರ್ಟ್ ರೋ ಎಂಬ ಬೀದಿಯ ಸಭಾಂಗಣದಲ್ಲಿ ನಡೆಯಿತು. ಅದರ ಹಿಂದಿದ್ದ ಆರು ಮಂದಿಯಲ್ಲಿ ಒಬ್ಬರು ಹುಟ್ಟಿದ್ದು ಹೈದರಾಬಾದಿನ ಮಗ್ಗುಲ ಬೊಲಾರಂನಲ್ಲಿ. ಉಟ್ಕೂರ್, ಮಕ್ತಲ್, ನಾರಾಯಣಪೇಟೆಗಳ ಮಕ್ಕಳು ಇಂದು ತಮ್ಮದೆಂದು ಕರೆಯುವ ತೆಲಂಗಾಣದ ನೆಲವೇ ಅವರ ಹುಟ್ಟುನೆಲ. ಅವರ ಹೆಸರು ಕೃಷ್ಣಾಜಿ ಹೌಲಾಜಿ ಆರಾ.

1914ರಲ್ಲಿ ಹುಟ್ಟಿದ ಆರಾ ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಇನ್ನೂ ಚಿಕ್ಕ ಬಾಲಕನಾಗಿದ್ದಾಗಲೇ ಮನೆ ಬಿಟ್ಟು ಮುಂಬಯಿ ಸೇರಿ, ಕಾರು ತೊಳೆಯುವ ಮತ್ತು ಮನೆಗೆಲಸದ ಚಾಕರಿಯಲ್ಲಿ ಹೊಟ್ಟೆ ಹೊರೆದರು. ಉಪ್ಪಿನ ಸತ್ಯಾಗ್ರಹದಲ್ಲಿ ಭಾಗವಹಿಸಿ ಸೆರೆಮನೆಯನ್ನೂ ಕಂಡರು. ಕೆಲಸದ ನಡುವೆ ದೊರೆತ ಬಿಡುವಿನಲ್ಲಿ ಅವರು ಬಿಡಿಸುತ್ತಿದ್ದ ಚಿತ್ರಗಳು ಕಲಾವಿಮರ್ಶಕ ರೂಡಿ ಫಾನ್ ಲೈಡನ್ ಅವರ ಕಣ್ಣಿಗೆ ಬಿದ್ದವು. ಫಾನ್ ಲೈಡನ್ ಜರ್ಮನಿಯವರು. ಅವರಂತೆ ಆಸ್ಟ್ರಿಯಾದ ಚಿತ್ರಕಾರ ವಾಲ್ಟರ್ ಲಾಂಗ್‌ಹ್ಯಾಮರ್ ಕೂಡ ನಾಜಿಗಳ ಕಾಲದ ಯುರೋಪನ್ನು ತೊರೆದು ಮುಂಬಯಿಯಲ್ಲಿ ನೆಲೆ ಕಂಡಿದ್ದರು. ಈ ಇಬ್ಬರ ಪ್ರೋತ್ಸಾಹ ಆರಾ ಅವರಿಗೆ ದೊರೆಯಿತು. 1942ರಲ್ಲಿ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ಮುಂಬಯಿಯ ಚೇತನಾ ಉಪಾಹಾರಗೃಹದಲ್ಲಿ ನಡೆಯಿತು. ಹೂದಾನಿ, ಹೂಜಿ, ಹಣ್ಣು ಮೊದಲಾದ ದಿನಬಳಕೆಯ ವಸ್ತುಗಳೇ ಅವರ ಪ್ರೀತಿಯ ವಿಷಯಗಳು. ಜಲವರ್ಣವನ್ನು ತೈಲವರ್ಣದಂತೆ ದಟ್ಟವಾಗಿ ಬಳಿಯುವುದು ಅವರು ತಾವೇ ಕಂಡುಕೊಂಡ ರೀತಿ.

ಸ್ವಾತಂತ್ರ್ಯ ಬಂದ 1947ರಲ್ಲಿಯೇ ಮುಂಬಯಿಯ ಕೆಲವು ತರುಣ ಕಲಾವಿದರು ಒಂದು ಗುಂಪು ಕಟ್ಟಲು ನಿಶ್ಚಯಿಸಿದರು. ಆರಾ ಅವರ ಚಿತ್ರವೊಂದನ್ನು ಬಾಂಬೆ ಆರ್ಟ್ ಸೊಸೈಟಿಯು ತನ್ನ ಪ್ರದರ್ಶನಕ್ಕೆ ಒಪ್ಪಿಕೊಳ್ಳದೆ ಹಿಂದಿರುಗಿಸಿದ್ದು ಇದಕ್ಕೊಂದು ನಿಮಿತ್ತವಾಯಿತೆಂದು ಕಲೆಯ ಇತಿಹಾಸಕಾರರು ಹೇಳುತ್ತಾರೆ. ಮೊದಲು ಸೇರಿದವರು ಮೂವರು: ಗೋವೆಯ ಸಾಲಿಗಾಂವಿನ ಎಫ್.ಎನ್. ಸೋಜಾ, ಮಧ್ಯಪ್ರಾಂತದ ಎಸ್.ಎಚ್. ರಜಾ ಮತ್ತು ಆರಾ. ಒಬ್ಬೊಬ್ಬರೂ ಇನ್ನೊಬ್ಬನನ್ನು ಕರೆತರಬೇಕೆಂದು ಅವರು ಮಾಡಿಕೊಂಡ ನಿಯಮ ಬಹು ಸರಳವಾದುದು. ರಜಾ ಅವರು ಎಚ್.ಎ. ಗಾಡೆಯವರನ್ನು ಕರೆತಂದರು. ಸೋಜಾ ಅವರು ಪಂಢರಪುರದಲ್ಲಿ ಹುಟ್ಟಿದ ಎಂ.ಎಫ್. ಹುಸೇನ್ ಅವರನ್ನು ಕರೆತಂದರು. ಆರಾ ಕರೆತಂದದ್ದು ಬಡೋದೆಯಲ್ಲಿ ಹುಟ್ಟಿದ ಸದಾನಂದ ಬಾಕ್ರೆಯವರನ್ನು. ಹೀಗೆ ‘ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್’ ಹುಟ್ಟಿತು.

ಈ ಆಯ್ಕೆಯನ್ನು ಸ್ವಲ್ಪ ನಿಂತು ನೋಡಬೇಕು. ಉಳಿದ ಐವರೂ ಚಿತ್ರಕಾರರು. ಬಾಕ್ರೆ ಒಬ್ಬರೇ ಶಿಲ್ಪಿ. ಚಿತ್ರಕ್ಕೆ ಗೋಡೆ ಸಾಕು, ಶಿಲ್ಪಕ್ಕೆ ನೆಲ ಬೇಕು. ಚಿತ್ರದ ಎದುರು ನಿಂತರೆ ಸಾಲುತ್ತದೆ, ಶಿಲ್ಪವನ್ನು ಸುತ್ತಿ ಬರಬೇಕಾಗುತ್ತದೆ. ತನ್ನಂತೆಯೇ ಬಣ್ಣ ಬಳಿಯುವ ಇನ್ನೊಬ್ಬನನ್ನು ಕರೆತರುವುದು ಆರಾ ಅವರಿಗೆ ಕಷ್ಟವಾಗಿರಲಿಲ್ಲ. ಅವರು ಕರೆತಂದದ್ದು ತನ್ನ ಕೈಗೆ ಒಗ್ಗದ ಮಾಧ್ಯಮದಲ್ಲಿ ದುಡಿಯುತ್ತಿದ್ದವರನ್ನು. ಆ ಒಂದು ಕರೆಯಿಂದ ಚಿತ್ರಕಾರರ ಗುಂಪು ಕಲಾವಿದರ ಗುಂಪಾಯಿತು.

ಐವರು ಚಿತ್ರಕಾರರಲ್ಲಿಯೂ ಒಬ್ಬರಂತೆ ಒಬ್ಬರಿರಲಿಲ್ಲ. ಹುಸೇನ್ ಸಿನಿಮಾದ ದೊಡ್ಡ ಹಲಗೆಗಳಿಗೆ ಬಣ್ಣ ಬಳಿದು ಜೀವನ ನಡೆಸಿದವರು, ಮಕ್ಕಳ ಆಟಿಕೆಗಳಿಗೂ ವಿನ್ಯಾಸ ಮಾಡಿದವರು. ಗಾಡೆ ವಿಜ್ಞಾನದ ಪದವೀಧರರು. ಸೋಜಾ ದಪ್ಪ ಕಪ್ಪು ಗೆರೆಗಳಿಂದ ರೂಪ ಕಟ್ಟಿದರೆ, ರಜಾ ಆಗ ಜಲವರ್ಣದಲ್ಲಿ ಬೀದಿಗಳನ್ನೂ ನಿಸರ್ಗವನ್ನೂ ಬಿಡಿಸುತ್ತಿದ್ದರು. ಮತ, ಹುಟ್ಟೂರು, ಬೆಳೆದ ಬಗೆ ಎಲ್ಲವೂ ಬೇರೆಯೇ. 1949ರ ಜುಲೈನಲ್ಲಿ ಲೇಖಕ ಮುಲ್ಕ್ ರಾಜ್ ಆನಂದ್ ಅವರ ಪ್ರದರ್ಶನವನ್ನು ಉದ್ಘಾಟಿಸಿದರು. ಅದು ನಡೆದದ್ದು ಬಾಂಬೆ ಆರ್ಟ್ ಸೊಸೈಟಿಯ ಸಭಾಂಗಣದಲ್ಲಿಯೇ. ಆರಾ ಅವರ ಚಿತ್ರವನ್ನು ಹಿಂದಿರುಗಿಸಿದ ಸಂಸ್ಥೆಯ ಗೋಡೆಯ ಮೇಲೆ ಎರಡು ವರ್ಷಗಳ ಬಳಿಕ ಅವರ ಚಿತ್ರಗಳು ಗೆಳೆಯರ ಕೃತಿಗಳೊಡನೆ ತೂಗಿದವು.

ಅದೇ ವರ್ಷ ದೆಹಲಿಯಲ್ಲಿಯೂ ಗೆಳೆಯರ ಇನ್ನೊಂದು ಕೂಟ ಕಣ್ತೆರೆಯಿತು. ದೇಶವಿಭಜನೆಯಿಂದ ಲಾಹೋರನ್ನು ಬಿಟ್ಟುಬಂದ ಬಿ.ಸಿ. ಸನ್ಯಾಲ್ ಮೊದಲಾದವರು ಕಟ್ಟಿದ ‘ದೆಹಲಿ ಶಿಲ್ಪಿ ಚಕ್ರ’ವದು. ಅದರ ಸ್ಥಾಪಕರಲ್ಲಿ ಧನರಾಜ್ ಭಗತ್ ಶಿಲ್ಪಿ. ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಸ್. ಕುಲಕರ್ಣಿ ಚಿತ್ರಕಾರರು. ಕಲೆಯು ಬದುಕನ್ನು ಬೆಳಗುತ್ತದೆ ಎಂಬುದು ಅವರ ಧ್ಯೇಯವಾಕ್ಯದ ತಾತ್ಪರ್ಯ. ಮನೆ, ಊರು, ಉದ್ಯೋಗ ಕಳೆದುಕೊಂಡವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಒಟ್ಟಾಗಿ ನಿಲ್ಲುವುದು ಎಂಬುದನ್ನು ಮರೆಯಬಾರದು.

ಮುಂಬಯಿಯ ಗುಂಪು ಬಹುಕಾಲ ಬಾಳಲಿಲ್ಲ. 1949ರಲ್ಲಿಯೇ ಸೋಜಾ ಲಂಡನ್ನಿಗೆ ಹೊರಟರು. 1950ರಲ್ಲಿ ರಜಾ ಪ್ಯಾರಿಸ್ ಸೇರಿದರು. 1951ರಲ್ಲಿ ಬಾಕ್ರೆಯವರೂ ಲಂಡನ್ನಿಗೆ ಹೋದರು. ಆದರೂ ಬಾಗಿಲು ಕೆಲಕಾಲ ತೆರೆದೇ ಇತ್ತು. 1953ರಲ್ಲಿ ಗುಂಪಿನ ಪ್ರದರ್ಶನದಲ್ಲಿ ಕೊಲ್ಹಾಪುರದ ಭಾನು ರಾಜೋಪಾಧ್ಯೆ ಎಂಬ ತರುಣಿಯ ಚಿತ್ರಗಳೂ ಇದ್ದವು. ಮುಂದೆ ಭಾನು ಅಥಯ್ಯ ಎಂಬ ಹೆಸರಿನಿಂದ ಆಕೆ ಬಟ್ಟೆಯನ್ನೇ ತನ್ನ ಮಾಧ್ಯಮವಾಗಿಸಿಕೊಂಡರು. ‘ಗಾಂಧಿ’ ಚಲನಚಿತ್ರದ ವಸ್ತ್ರವಿನ್ಯಾಸಕ್ಕಾಗಿ 1983ರಲ್ಲಿ ಆಸ್ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದರು. ನೂಲು ಮತ್ತು ಬಣ್ಣದ ನಂಟನ್ನು ಬಲ್ಲ ನಾರಾಯಣಪೇಟೆಯ ಮನೆಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆರಾ ಮುಂಬಯಿಯಲ್ಲಿಯೇ ಉಳಿದರು. ಅದೇ ರಾಂಪಾರ್ಟ್ ರೋ ಬೀದಿಯ ಆರ್ಟಿಸ್ಟ್ಸ್ ಸೆಂಟರ್ ಸಂಸ್ಥೆಗಾಗಿ ದುಡಿದು, ಕಿರಿಯ ಕಲಾವಿದರಿಗೆ ನೆರವಾದರು. 1985ರಲ್ಲಿ ತೀರಿಕೊಂಡರು. ಗೆಳೆಯರಲ್ಲಿ ಕೆಲವರ ಚಿತ್ರಗಳು ಇಂದು ಕೋಟಿಗಟ್ಟಲೆ ಬೆಲೆ ಬಾಳುತ್ತವೆ. ಆರಾ ಅವರ ಹೆಸರು ಅಷ್ಟು ದೂರ ಕೇಳಿಸುವುದಿಲ್ಲ. ಆದರೆ ಒಬ್ಬೊಬ್ಬನೂ ಇನ್ನೊಬ್ಬನನ್ನು ಕರೆತರಬೇಕೆಂಬ ಮೊದಲ ದಿನದ ನಿಯಮವನ್ನು ಬಾಳಿನುದ್ದಕ್ಕೂ ನಡೆಸಿದವರು ಅವರು.

ಈ ಕಥೆ ಗಡಿನಾಡಿನ ಕನ್ನಡ ಶಾಲೆಗಳ ಮನೆಗಳಿಗೆ ಏಕೆ ಬೇಕು? ಮುಂಬಯಿಯಲ್ಲಿ ಆ ಪ್ರದರ್ಶನ ನಡೆದಾಗ ಉಟ್ಕೂರ್ ಹೈದರಾಬಾದ್ ರಾಜ್ಯದಲ್ಲಿತ್ತು. 1956ರಲ್ಲಿ ಆ ರಾಜ್ಯ ಒಡೆದು ರಾಯಚೂರು ಮೈಸೂರಿಗೆ ಸೇರಿತು, ಉಟ್ಕೂರ್ ಆಂಧ್ರಪ್ರದೇಶದಲ್ಲಿ ಉಳಿಯಿತು. 2014ರಲ್ಲಿ ತೆಲಂಗಾಣಕ್ಕೆ ಬಂದಿತು. ರಾಜ್ಯಗಳು ಬದಲಾದವು, ಮನೆಯೊಳಗಿನ ಕನ್ನಡ ಬದಲಾಗಲಿಲ್ಲ. ಆದರೂ ಮಗುವನ್ನು ಕನ್ನಡ ಶಾಲೆಗೆ ಕಳುಹಿಸುವ ತಂದೆತಾಯಿಗಳಿಗೆ ಒಂದು ಪ್ರಶ್ನೆ ತಪ್ಪುವುದಿಲ್ಲ: ಇದನ್ನು ಓದಿ ಮಗು ಮುಂದೇನು ಮಾಡೀತು? ಅದೇ ಮಗು ಚಿತ್ರ ಬಿಡಿಸುತ್ತ ಕುಳಿತರೆ ಆ ಪ್ರಶ್ನೆ ಇಮ್ಮಡಿಯಾಗುತ್ತದೆ.

ಇದಕ್ಕೆ ಕಾನೂನಿನಲ್ಲಿ ಉತ್ತರದ ಒಂದು ಭಾಗವಿದೆ. ತನ್ನದೇ ಭಾಷೆ, ಲಿಪಿ, ಸಂಸ್ಕೃತಿಯುಳ್ಳ ಜನರಿಗೆ ಅವನ್ನು ಕಾಪಾಡಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೆಯ ವಿಧಿ ಕೊಟ್ಟಿದೆ. 2009ರ ಶಿಕ್ಷಣ ಹಕ್ಕು ಅಧಿನಿಯಮದ 29ನೆಯ ಪ್ರಕರಣವು ಮಗುವಿನ ಸರ್ವತೋಮುಖ ಬೆಳವಣಿಗೆಯನ್ನೂ, ಚಟುವಟಿಕೆಯ ಮೂಲಕ ಕಲಿಕೆಯನ್ನೂ, ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯ ಬೋಧನೆಯನ್ನೂ ಒಟ್ಟಿಗೇ ಹೇಳುತ್ತದೆ. ಮಾತೃಭಾಷೆ ಮತ್ತು ಕೈಯ ಕಲಿಕೆ ಒಂದೇ ಪ್ರಕರಣದ ಉಪವಾಕ್ಯಗಳೆಂಬುದು ಗಮನಾರ್ಹ. ಚಿತ್ರಕಲೆ ಪಾಠದ ಬಿಡುವಿನ ಆಟವೆಂದು ತಳ್ಳಿಹಾಕುವುದಕ್ಕೆ ಕಾನೂನಿನ ಬೆಂಬಲವಿಲ್ಲ.

ಉತ್ತರದ ಇನ್ನೊಂದು ಭಾಗ ಕಾನೂನಿನಿಂದ ಬರುವಂತಹದಲ್ಲ. ಅದನ್ನು ಶಾಲೆಯ ಜಗುಲಿಯಲ್ಲಿಯೇ ಕಟ್ಟಬೇಕು. ಅದಕ್ಕೆ ಸಭಾಂಗಣ ಬೇಡ, ಉದ್ಘಾಟಕರೂ ಬೇಡ. ಒಬ್ಬಳು ಕಾಗದದ ಮೇಲೆ ಬಿಡಿಸಲಿ, ಒಬ್ಬನು ಕೆರೆಯ ಜೇಡಿಯಲ್ಲಿ ಎತ್ತು ಮಾಡಲಿ, ಮಗ್ಗದ ಮನೆಯ ಮಗು ಉಳಿದ ನೂಲಿನ ತುಂಡುಗಳನ್ನು ಜೋಡಿಸಲಿ, ಇನ್ನೊಬ್ಬಳು ಅಜ್ಜಿಯಿಂದ ಕಲಿತ ರಂಗವಲ್ಲಿಯನ್ನು ನೆಲದ ಮೇಲಿಡಲಿ. ಪಕ್ಕದ ತೆಲುಗು ಶಾಲೆಯ ಗೆಳೆಯನೂ ಉರ್ದು ಶಾಲೆಯ ಗೆಳತಿಯೂ ಬರಲಿ. ಹೆಸರುಪಟ್ಟಿ ಕನ್ನಡದಲ್ಲಿರಲಿ, ಅದರ ಕೆಳಗೆ ತೆಲುಗಿಗೂ ಉರ್ದುವಿಗೂ ಜಾಗವಿರಲಿ. ನಿಯಮ ಒಂದೇ ಸಾಕು: ಪ್ರತಿಯೊಂದು ಮಗುವೂ ತನಗೆ ಬಾರದ ಕೆಲಸವನ್ನು ಬಲ್ಲ ಇನ್ನೊಂದು ಮಗುವನ್ನು ಕರೆತರಬೇಕು.

ಕಡಮೆ ಜನ ಆಡುವ ಭಾಷೆಯ ಶಾಲೆ ತನ್ನವರನ್ನು ಮಾತ್ರ ಎಣಿಸುತ್ತ ಕುಳಿತರೆ ಎಣಿಕೆ ವರ್ಷದಿಂದ ವರ್ಷಕ್ಕೆ ಇಳಿಯುವ ಭಯ ಇದ್ದೇ ಇದೆ. ಹತ್ತಿ ಹತ್ತಿಯಾಗಿಯೇ ಉಳಿದು ರೇಷ್ಮೆಯ ಅಂಚನ್ನು ಹಿಡಿದುಕೊಳ್ಳುವುದನ್ನು ಗದ್ವಾಲದ ಮಗ್ಗ ದಿನವೂ ತೋರಿಸುತ್ತಿದೆ. ಬೊಲಾರಂನಿಂದ ಓಡಿಹೋದ ಅನಾಥಪ್ರಾಯ ಬಾಲಕನೊಬ್ಬನು ಮುಂದೊಂದು ದಿನ ತನಗಿಂತ ಬೇರೆಯಾದ ಗೆಳೆಯನ ಕೈ ಹಿಡಿದು ಒಳಗೆ ಕರೆತಂದದ್ದರಲ್ಲಿಯೂ ಆ ನೇಯ್ಗೆಯೇ ಇತ್ತು. ಕನ್ನಡ ಶಾಲೆಯ ಮಗು ಮುಂದೇನು ಮಾಡೀತು ಎಂದು ಕೇಳುವವರಿಗೆ, ಅದು ಇಂದು ಯಾರನ್ನು ಕರೆತಂದಿದೆ ಎಂಬುದನ್ನು ಮೊದಲು ತೋರಿಸಬಹುದು.